ಒಂದೇ ಪ್ಲಗ್ಗಿನ ಕೋಣೆ

ಮಡಂತ್ಯಾರಿನ ಆಚೆಗಿದ್ದ ಸರಕಾರಿ ಆರೋಗ್ಯ ಕೇಂದ್ರದ ನರ್ಸಮ್ಮ ಯಾವ ಮಾತಿಗೂ "ಆಗಲಿ, ಮೊದಲು ಮಕ್ಕಳದ್ದು ನೋಡುವ" ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ಅಂಗೈ ತಾನಾಗಿ ಲಸಿಕೆಯ ಫ್ರಿಜ್ಜಿನ ಬಾಗಿಲನ್ನು ಒತ್ತಿ ನೋಡುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಆ ಕೇಂದ್ರಕ್ಕೊಂದು ಕಂಪ್ಯೂಟರ್ ಮಂಜೂರಾಗಿ, ಅದನ್ನು ಜೋಡಿಸಲು ಮೂಡುಬಿದಿರೆಯ ಅಂಗಡಿಯಿಂದ ನಾನು ಹೋಗಿದ್ದೆ. ಕೋಣೆಯಲ್ಲಿದ್ದದ್ದು ಒಂದೇ ಪ್ಲಗ್ಗು. ಹಳೆಯ ವಯರು ಫ್ರಿಜ್ಜು, ಕಂಪ್ಯೂಟರು ಎರಡರ ಭಾರ ತಾಳುವಂತಿರಲಿಲ್ಲ. ಕಂಪ್ಯೂಟರಿಗೆ ಸರಕಾರದ ಹಣ ಬಂದಿತ್ತು, ವಯರಿಂಗಿಗೆ ಬಂದಿರಲಿಲ್ಲ. ನಾನು ಹಿಂದುಮುಂದು ನೋಡದೆ ಫ್ರಿಜ್ಜಿನದ್ದನ್ನು ಕಿತ್ತು ಕಂಪ್ಯೂಟರಿನದ್ದನ್ನು ಸಿಕ್ಕಿಸಿದೆ. ಪರದೆ ಬೆಳಗಿತು.

ನರ್ಸಮ್ಮ ಗದರಲಿಲ್ಲ. ನನ್ನದನ್ನು ತೆಗೆದು ಫ್ರಿಜ್ಜಿನದ್ದನ್ನು ಮತ್ತೆ ಹಾಕಿ, "ನಿನ್ನ ಪೆಟ್ಟಿಗೆ ನಾಳೆಗೂ ಹಾಳಾಗುವುದಿಲ್ಲ ಮಾರಾಯ, ಪೋಲಿಯೋ ಮದ್ದು ಹಾಳಾಗ್ತದೆ" ಎಂದರು.

ವರ್ಷ ಕಳೆದು ಯಂತ್ರದ ತಪಾಸಣೆಗೆ ನಾನು ಹೋದಾಗಲೂ ಪ್ಲಗ್ಗು ಒಂದೇ. ಕಂಪ್ಯೂಟರಿಗೆ ಹೊದಿಸಿದ ಬಟ್ಟೆಯನ್ನು ಯಾರೂ ತೆಗೆದಿರಲಿಲ್ಲ. ಮೇಲಿನ ಕಚೇರಿ ವಿವರಣೆ ಕೇಳಿ ಕಳಿಸಿದ್ದ ನಮೂನೆ ಮೇಜಿನ ಮೇಲಿತ್ತು. 'ಯಂತ್ರ ಬಳಸದಿರಲು ಕಾರಣ' ಎಂಬುದರ ಎದುರು ನರ್ಸಮ್ಮ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: "ಲಸಿಕೆ ತಣ್ಣಗಿದೆ."