ಪರದೆಗೆ ಹಾಕಿದ ನೀಲಿ

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ಭದ್ರಾವತಿಯಲ್ಲಿ ನಮ್ಮ ಮನೆಯ ಹತ್ತಿರವೇ ಹೊಳೆಯ ದಡದ ಬಯಲಿನಲ್ಲಿ ಒಂದು ಸಿನಿಮಾ ಟೆಂಟ್ ಇತ್ತು. ಟೆಂಟ್ ಅಂದರೆ ನಿಜವಾಗಿಯೂ ಡೇರೆಯೇ. ಗೋಡೆ ಇಲ್ಲ, ಫ್ಯಾನು ಇಲ್ಲ. ಮುಂದೆ ಮರಳಿನ ಮೇಲೆ ಕೂತರೆ ಟಿಕೆಟ್ ಅಗ್ಗ, ಹಿಂದಿನ ಬೆಂಚಿಗೆ ಸ್ವಲ್ಪ ಜಾಸ್ತಿ, ಕಟ್ಟಕಡೆಯ ಕುರ್ಚಿಗೆ ಇನ್ನೂ ಜಾಸ್ತಿ. ನಾವು ಯಾವಾಗಲೂ ಮರಳು. ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತರೆ ಕುರ್ಚಿಯವರಿಗಿಂತ ನಾವೇ ದೊಡ್ಡ ಮನುಷ್ಯರು! ಬೀಡಿ ಹೊಗೆ, ಹುರಿದ ಕಡಲೆಕಾಯಿ, ತಣ್ಣನೆಯ ಮರಳು ಎಲ್ಲ ಸೇರಿದ ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಚಿತ್ರ ಮಾತ್ರ ಸರಿಯಾಗಿ ಕಾಣುತ್ತಿರಲಿಲ್ಲ. ಶಿವಮೊಗ್ಗದಲ್ಲಿ ಓಡಿ ಓಡಿ ಸವೆದ ರೀಲು ಕೊನೆಗೆ ನಮ್ಮ ಟೆಂಟಿಗೆ ಬರುತ್ತಿತ್ತು. ಸುಡುಬಿಸಿಲಿನ ದೃಶ್ಯದಲ್ಲೂ ಗೆರೆಗೆರೆಯಾಗಿ ಮಳೆ! ಅದರ ಮೇಲೆ ಪರದೆ ಬೇರೆ ಕೊಳಕು. ಕಬ್ಬಿಣದ ಕಾರ್ಖಾನೆಯ ಮಸಿ ನಮ್ಮೂರಿನ ಯಾವ ಬಟ್ಟೆಯನ್ನೂ ಬೆಳ್ಳಗಿರಲು ಬಿಡುತ್ತಿರಲಿಲ್ಲ, ಪರದೆಯನ್ನು ಬಿಟ್ಟೀತೇ? ಊರಿಗೆಲ್ಲ ಕಪ್ಪು-ಬಿಳುಪಿನ ಸಿನಿಮಾ, ನಮಗೆ ಕಪ್ಪು ಮತ್ತು ಕಂದು.

ಒಂದು ಬೆಳಿಗ್ಗೆ ಅಕ್ಕ ನನ್ನ ಕೈ ಹಿಡಿದು ನೇರ ಟೆಂಟಿಗೆ ನಡೆದಳು. ಟೆಂಟಿನ ಯಜಮಾನರನ್ನು ನಮ್ಮ ಕೇರಿಯ ಮಕ್ಕಳೆಲ್ಲ ಮಾಮ ಎನ್ನುತ್ತಿದ್ದೆವು.

"ಮಾಮ, ನಿನ್ನೆ ಹೀರೋ ಯಾರು, ಕಳ್ಳ ಯಾರು ಅಂತಾನೇ ಗೊತ್ತಾಗ್ಲಿಲ್ಲ. ಕಳ್ಳನಿಗೆ ಚಪ್ಪಾಳೆ ಹೊಡ್ದುಬಿಟ್ಟೆ," ಎಂದಳು ಅಕ್ಕ.

"ಕಣ್ಣು ತೊಳ್ಕೊಂಡು ಬಾ ಹೋಗು," ಎಂದರು ಮಾಮ.

"ಮೊದ್ಲು ನೀವು ಪರದೆ ತೊಳೀರಿ."

ಮಾಮನಿಗೆ ರೇಗಿತು, ನಗುವೂ ಬಂತು. "ಅಷ್ಟು ಕಷ್ಟ ಆದ್ರೆ ನೀನೇ ಒಗ್ದು ಕೊಡು ಮಾರಾಯ್ತಿ! ಸಂಜೆ ಆಟಕ್ಕೆ ಕಟ್ಟಿರ್ಬೇಕು. ಚೆನ್ನಾಗಾದ್ರೆ ನಿಮ್ಮನೆಯವ್ರಿಗೆಲ್ಲ ಇವತ್ತು ಕುರ್ಚಿ. ಹಾಳಾದ್ರೆ ಇನ್ಮೇಲೆ ಯಾರೂ ಟೆಂಟಿನ ಕಡೆ ತಲೆ ಹಾಕಂಗಿಲ್ಲ."

ನಾನು ಅಕ್ಕನ ಕೈ ಎಳೆದೆ. ಸಿನಿಮಾ ಇಲ್ಲದೆ ಬದುಕುವುದು ಹೇಗೆ? ಅಕ್ಕ ಮಾತ್ರ, "ಬಿಚ್ಚಿ ಕೊಡಿ," ಎಂದಳು.

ಅಮ್ಮ ಬೈದುಕೊಂಡೇ ಹೊಳೆಗೆ ಬಂದಳು, ಬರುವಾಗ ಬಟ್ಟೆ ಸೋಪನ್ನೂ ತಂದಳು. ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ಸೀರೆ ಎತ್ತಿಕಟ್ಟಿ ನೀರಿಗಿಳಿದರು. ಒಗೆಯುವ ಕಲ್ಲಿನ ಮೇಲೆ ಪರದೆ ಧಬ್ ಧಬ್ ಎಂದು ಬಿದ್ದಾಗ ಕಪ್ಪು ನೀರು ಹರಿಯಿತು. "ಅಗೋ, ನಿನ್ನ ಕಳ್ಳ ತೇಲಿ ಹೋದ ನೋಡೇ!" ಎಂದು ಅಮ್ಮ ಅಕ್ಕನನ್ನು ಛೇಡಿಸಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಬಿಳಿ ಬಟ್ಟೆ ಒಗೆದ ಮೇಲೆ ನೀಲಿ ಹಾಕದಿದ್ದರೆ ನಮ್ಮ ಕೇರಿಯಲ್ಲಿ ಅದು ಒಗೆದ ಲೆಕ್ಕವೇ ಅಲ್ಲ. ನೀಲಿ ಅಂದರೆ ಒಂದು ಪುಡಿ. ಒಂದು ಚಿಟಿಕೆಯನ್ನು ನೀರಿಗೆ ಬೆರೆಸಿ ಬಟ್ಟೆ ಅದ್ದಿದರೆ ಹಳದಿ ಮಾಯವಾಗಿ ಬೆಳ್ಳಗೆ ಹೊಳೆಯುತ್ತದೆ. ಆದರೆ ಚಿಟಿಕೆಯ ಲೆಕ್ಕ ಪಂಚೆಗೆ. ಪರದೆಗೆ ಎಷ್ಟು? ಅಲ್ಲಿದ್ದವರು ಯಾರೂ ಪರದೆ ಒಗೆದವರಲ್ಲ. "ಇಷ್ಟು ದೊಡ್ಡ ಬಟ್ಟೆಗೆ ಚಿಟಿಕೆ ಯಾವ ಮೂಲೆಗೆ?" ಎಂದು ಅಕ್ಕ, ನೀರು ತುಂಬಿಟ್ಟಿದ್ದ ಮದುವೆ ಅಡಿಗೆಯ ಕೊಪ್ಪರಿಗೆಗೆ ನೀಲಿಯ ಡಬ್ಬಿಯನ್ನೇ ಬೋರಲು ಹಾಕಿದಳು. ಅದ್ದಿ ತೆಗೆದು, ಎತ್ತರದ ಗಳಕ್ಕೆ ಪರದೆಯನ್ನು ಇಳಿಬಿಟ್ಟೆವು.

ಒಣಗಿದ ಮೇಲೆ ನೋಡಿದರೆ ಮೇಲೆಲ್ಲ ಹಾಲಿನಂಥ ಬಿಳುಪು. ನೀಲಿಯೆಲ್ಲ ನೀರಿನ ಜೊತೆ ಕೆಳಗಿಳಿದು, ಕೆಳಭಾಗ ಶಾಯಿ ಚೆಲ್ಲಿದ ಹಾಗೆ ಆಗಿತ್ತು!

"ಹೋಯ್ತು. ಇವತ್ತು ಸಿನಿಮಾದಲ್ಲಿ ಎಲ್ರ ಕಾಲೂ ನೀಲಿ," ಎಂದು ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ಇನ್ನೊಮ್ಮೆ ಒಗೆಯಲು ಹೊತ್ತಿರಲಿಲ್ಲ. ಟೆಂಟಿನ ಮೈಕಿನಲ್ಲಿ ದೇವರ ಹಾಡು ಶುರುವಾಗಿತ್ತು. ಆ ಹಾಡು ಬಂತೆಂದರೆ ಟಿಕೆಟ್ ಕೊಡುತ್ತಿದ್ದಾರೆ ಎಂದರ್ಥ. ನನಗೆ ಅಳುವೇ ಬಂತು. ಅಕ್ಕ ಪರದೆಯನ್ನು ನೋಡಿದಳು, ತಲೆಯೆತ್ತಿ ಆಕಾಶ ನೋಡಿದಳು.

"ತಲೆಕೆಳಗು ಮಾಡಿ ಕಟ್ಟೋಣ," ಎಂದಳು.

ಆಗಷ್ಟೇ ಕಾರ್ಖಾನೆಯಿಂದ ಬಂದಿದ್ದ ಅಪ್ಪ ಕಂಬ ಹತ್ತಿ ಕಟ್ಟಿದರು. ಮಾಮ ಕೈಕಟ್ಟಿ ನಿಂತರು, ಮುಖ ಗಂಟು. ದೀಪ ಆರಿತು. ಪರದೆಯ ಮೇಲೆ ಒಂದು ಹೊಲ, ಒಂದು ಎತ್ತಿನ ಗಾಡಿ. ಅದರ ಮೇಲೆ ಅಗಲಕ್ಕೂ ನೀಲಿ ಆಕಾಶ!

ಮರಳಿನ ನಡುವಿನಿಂದ ನಮ್ಮ ಪಕ್ಕದ ಮನೆಯ ತಮಿಳು ತಾತ ಎದ್ದು ನಿಂತು, "ಕಲರ್ ಪಡಂ!" ಎಂದು ಕೂಗಿದರು. ಶಿಳ್ಳೆಯೋ ಶಿಳ್ಳೆ! ಮನೆಯೊಳಗಿನ ದೃಶ್ಯ ಬಂದಾಗ ಸೂರು ನೀಲಿಯಾಯಿತು, ಹೀರೋ ಹತ್ತಿರ ಬಂದಾಗ ಅವನ ಕೂದಲೂ ನೀಲಿಯಾಯಿತು. "ಕಲರ್ ಅಂದ್ರೆ ಹಂಗೇ ಕಣೇ," ಎಂದು ಅಕ್ಕ ನನಗೆ ಧೈರ್ಯವಾಗಿ ವಿವರಿಸಿದಳು. ಕೆಳಗಿನ ಬಿಳುಪಿನಲ್ಲಿ ಎಲ್ಲರ ಮುಖವೂ ತೊಳೆದಿಟ್ಟ ಹಾಗೆ ಕಂಡಿತು. ನಾಯಕಿಯ ಕೆನ್ನೆಯ ಮೇಲಿನ ಮಚ್ಚೆಯನ್ನು ನಾನು ನೋಡಿದ್ದು ಆವತ್ತೇ.

ಮಾಮ ಬಗ್ಗಿ, "ಏಳ್ರೇ, ಕುರ್ಚಿಗೆ ಹೋಗಿ," ಎಂದರು. ಹೋದೆವು. ಅಲ್ಲಿಂದ ಬರೀ ಜನರ ತಲೆ ಕಂಡಿತು. ಅಕ್ಕನೂ ನಾನೂ ಸದ್ದಿಲ್ಲದೆ ಮರಳಿಗೇ ವಾಪಸ್ಸು ಬಂದೆವು.

ಈಗ ನಿಮ್ಮ ಕೈಯ ಮೊಬೈಲಿನಲ್ಲಿ ಹೀರೋನ ಹುಬ್ಬಿನ ಒಂದೊಂದು ಕೂದಲೂ ಕಾಣುತ್ತದೆ. ಜಗತ್ತಿನ ಬಣ್ಣವೆಲ್ಲ ನಿಮಗಿದೆ, ನಮಗಿದ್ದದ್ದು ಒಂದೇ ಬಣ್ಣ. ಆದರೆ ಅದನ್ನು ಹಾಕಿದ್ದು ನಾವೇ! ಮೊನ್ನೆ ನೀವಿಬ್ಬರೂ ನನ್ನನ್ನೂ ಅಕ್ಕನನ್ನೂ ವಿನೋಬನಗರದ ನಮ್ಮ ಮನೆಯಿಂದ ಆಟೋ ಹತ್ತಿಸಿ ಆ ಕಡಿಮೆ ಟಿಕೆಟ್ಟಿನ ಥಿಯೇಟರಿಗೆ ಕರೆದುಕೊಂಡು ಹೋದಿರಲ್ಲ, ಎಷ್ಟು ಖುಷಿಯಾಯಿತು ನನಗೆ! "ಪಿಕ್ಚರ್ ಡಲ್ ಅಜ್ಜಿ, ಏನೂ ಕಾಣ್ತಿಲ್ಲ, ಮನೆ ಟಿವಿನೇ ವಾಸಿ," ಎಂದು ನೀವು ಗೊಣಗುತ್ತಲೇ ಇದ್ದಿರಿ. ಇಂಟರ್‌ವಲ್ಲಿನಲ್ಲಿ ಅಕ್ಕ ಕೋಲೂರಿ ಎದ್ದು ಬಾಗಿಲ ಕಡೆ ಹೊರಟಳು.

"ಎಲ್ಲಿಗೆ ಅಕ್ಕ?" ಎಂದೆ.

"ಮ್ಯಾನೇಜರ್ ಹತ್ರ. ಪರದೆ ಬಿಚ್ಚಿ ಕೊಡ್ತಾರಾ ಕೇಳ್ಕೊಂಡು ಬರ್ತೀನಿ," ಎಂದಳು.

ನೀವಿಬ್ಬರೂ ಎದ್ದು ಅವಳ ಹಿಂದೆ ಓಡಿದಿರಿ.