ಖಾಲಿ ಮನೆಯಲ್ಲಿ ಉಳಿದ ವೀರಭದ್ರ

ಗೆಳತಿಯರೇ, ಇಂದು ಕುಂದಗೋಳದ ಬಾಡಿಗೆ ಮನೆ ಬಿಟ್ಟೆವು. ಸಾಮಾನೆಲ್ಲ ಚಕ್ಕಡಿ ಏರಿದ ಮೇಲೆ ಡಿಪಾಜಿಟ್ ಕೇಳಿದರೆ ಮಾಲಕರು, “ಒಲಿ ಹೊಗಿಗೆ ಗ್ವಾಡಿ ಕರ್ರಗಾಗ್ಯಾವ. ಸುಣ್ಣಾ ಹಚ್ಚಾಕ ಅದು ಸರಿಹೋತು” ಎಂದರು. ಆ ದುಡ್ಡಿಲ್ಲದೆ ಹೊಸ ಮನೆಯ ಬೀಗ ತೆಗೆಯುವಂತಿರಲಿಲ್ಲ.

ಮನೆ ಬಿಡುವಾಗ ನಾವು ದೇವರನ್ನು ಕಡೆಗೆ ಎತ್ತುತ್ತೇವೆ. ನಮ್ಮ ಮನೆದೇವರು ವೀರಭದ್ರ ಇನ್ನೂ ಗೋಡೆಯ ಮಾಡದಲ್ಲೇ ಇದ್ದ. “ರೊಕ್ಕಾ ಕೊಡೂಮಟ ದೇವರನ್ನ ಎತ್ತೂದಿಲ್ರಿ. ಪೂಜಿ ಇನ್ನ ನಿಮ್ದ” ಎಂದುಬಿಟ್ಟೆ. ಅಂದವಳಿಗೇ ಎದೆ ಝಲ್ಲೆಂದಿತು. ದೇವರನ್ನೇ ಒತ್ತೆ ಇಟ್ಟಂತಾಯಿತಲ್ಲ!

ಮಾಲಕರ ಹೆಂಡತಿ ಒಳಗಿನಿಂದ ಓಡಿಬಂದರು. “ಕೊಟ್ಟ ಕಳಸ್ರಿ! ಮಂದಿ ಮನಿದೇವರು ನಮ್ಮಲ್ಲಿ ಉಪಾಸ ಕುಂತ್ರ ನಾವು ಉಳೀತೀವೇನು?”

ರೊಕ್ಕ ಬಂತು. ಹೊಸ ಮನೆಯಲ್ಲಿ ದೀಪ ಹಚ್ಚಿದೆ, ವೀರಭದ್ರನ ಮುಖ ನೋಡಲು ಮಾತ್ರ ಇನ್ನೂ ಧೈರ್ಯವಿಲ್ಲ. ಅವರ ಹೆದರಿಕೆ ಡಿಪಾಜಿಟ್ ಕೊಟ್ಟು ತೀರಿತು. ನನ್ನದು ಎಷ್ಟು ತೆಂಗಿನಕಾಯಿಗೆ ತೀರುತ್ತದೋ!