ಮೈಕಕ್ಕನ ಗಂಟಲು

ಬಸ್ ನಿಲ್ದಾಣದವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಮೈಕಕ್ಕ ಅಂತ. ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಡುತ್ತಿದೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಗಂಟಲೆಂದರೆ ಅದು ಗಂಟಲು! ತೂಕಡಿಸುತ್ತಿದ್ದವನೂ ಚೀಲ ಎತ್ತಿಕೊಂಡು ದಡಕ್ಕನೆ ಎದ್ದು ನಿಲ್ಲಬೇಕು. ಭಾನುವಾರ ಚರ್ಚಿನ ಗಾಯನ ತಂಡದ ಮುಂದೆ ಅವಳು ನಿಂತರೆ ಹಿಂದಿನ ಬೆಂಚಿನವರೂ ಕೆಮ್ಮು ನುಂಗಿಕೊಂಡು ಕೂರುತ್ತಿದ್ದರು. ಸಭೆಯ ಹಿರಿಯನಾಗಿದ್ದ ಅವಳ ಗಂಡನಿಗೆ ಆಗ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. "ದೇವರು ನಮ್ಮ ಮನೆಗೆ ಕೊಟ್ಟ ಸ್ವರ," ಅನ್ನುತ್ತಿದ್ದ, ಅದು ತನ್ನದೇ ಗಂಟಲು ಅನ್ನೋ ಹಾಗೆ.

ಅವಳ ಕತ್ತಿನಲ್ಲಿ ಗಡ್ಡೆ ಎದ್ದಿತು. "ಜೀವ ಉಳಿಯುತ್ತೆ ತಾಯಿ, ಸ್ವರದ ಬಗ್ಗೆ ನಾನು ಮಾತು ಕೊಡಲಾರೆ," ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಆಪರೇಷನ್ ಆದ ಮೇಲೆ ನೀರು ಕೇಳಲು ಬಾಯಿ ತೆರೆದರೆ, ಸೈಕಲ್ ಟ್ಯೂಬಿನಿಂದ ಗಾಳಿ ಹೋದಂಥ ಸದ್ದು.

ನಿಲ್ದಾಣದಲ್ಲಿ ಅವಳ ಬದಲು ರೆಕಾರ್ಡ್ ಮಾಡಿದ ದನಿ ಬಂತು. ಪ್ರಯಾಣಿಕರು ಮರೆತುಹೋದ ಕೊಡೆ, ಡಬ್ಬಿ, ಚೀಲಗಳನ್ನಿಡುವ ಕೋಣೆಗೆ ಅವಳನ್ನು ಹಾಕಿದರು. ಚರ್ಚಿನಲ್ಲಿ ಅವಳ ಜಾಗಕ್ಕೆ ನಾದಿನಿ ಬಂದಳು.

ಅಷ್ಟರಲ್ಲಿ ಚರ್ಚಿಗೆ ಹೊರಗಿನಿಂದ ಬೋಧನೆ ಮಾಡುವ ಒಬ್ಬ ಪ್ರಸಂಗಿ ಬಂದರು; ಕೈಯಿಟ್ಟು ಪ್ರಾರ್ಥಿಸಿದರೆ ಕಾಯಿಲೆ ವಾಸಿಯಾಗುತ್ತದೆ ಎಂದು ಹೆಸರು. ಅವರ ಹತ್ತಿರ ಹೋಗೋಣ ಎಂದ ಗಂಡ.

"ಬೇಡ ರೀ, ನಾನು ಮನೇಲೇ ಪ್ರಾರ್ಥನೆ ಮಾಡ್ಕೋತೀನಿ," ಎಂದು ಪಿಸುಗುಟ್ಟಿದಳು.

"ಹಿರಿಯನ ಹೆಂಡತಿಗೇ ಯಾಕೆ ವಾಸಿಯಾಗ್ಲಿಲ್ಲ ಅಂತ ಜನ ಕೇಳಲ್ವೇನೇ? ನಡಿ!"

ಪ್ರಸಂಗಿ ಇನ್ನೂ ಹಸಿಯಿದ್ದ ಹೊಲಿಗೆಯ ಮೇಲೆ ಕೈಯಿಟ್ಟು, ಮೈಕು ಬಾಯಿಗೆ ಹಿಡಿದು, "ಸ್ತೋತ್ರ ಅಂತ ಕೂಗಮ್ಮ!" ಎಂದರು. ಜೀವವೆಲ್ಲ ಒಟ್ಟುಮಾಡಿ ಕೂಗಿದಳು. ಬರೀ ಗಾಳಿ. ಮೈಕು ಅದನ್ನೇ ಮೂಲೆಮೂಲೆಗೂ ಮುಟ್ಟಿಸಿತು. ಯಾರೋ ಕಿಸಕ್ಕೆಂದರು. "ಕರ್ತನ ಕಡೆಯಿಂದ ತಡೆಯಿಲ್ಲ. ತಡೆ ಎಲ್ಲಿದೆ ಅಂತ ಈ ತಂಗಿ ತನ್ನನ್ನೇ ಕೇಳ್ಕೊಳ್ಳಲಿ," ಎಂದು ಪ್ರಸಂಗಿ ಮುಂದಿನವರ ಕಡೆ ತಿರುಗಿದರು.

ಮನೆಗೆ ಬಂದವನೇ ಗಂಡ ಬಾಗಿಲು ಹಾಕಿ ಕೇಳಿದ, "ಯಾವ ಪಾಪ ಮುಚ್ಚಿಟ್ಟಿದ್ದೀಯ? ಹೇಳಿಬಿಡು."

ಸ್ವರ ಹೋದಾಗಲೂ ಅವಳ ಎದೆ ಇಷ್ಟು ಒಡೆದಿರಲಿಲ್ಲ.

ಚರ್ಚಿಗೆ ಹೋಗುವುದನ್ನು ಬಿಟ್ಟಳು. ಮಧ್ಯಾಹ್ನ ಊಟದ ಹೊತ್ತಿಗೆ ನಿಲ್ದಾಣದ ಆ ಕೋಣೆಯ ಬಾಗಿಲು ಹಾಕಿಕೊಂಡು ದೇವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. "ನಿನ್ನ ಹಾಡಿದ ಗಂಟಲನ್ನೇ ಹಿಡಿದ್ಯಲ್ಲ, ಬೇರೆ ಯಾರದೂ ಸಿಗ್ಲಿಲ್ವಾ ನಿನಗೆ?" ಬೈದಳು, ಅತ್ತಳು, ಊಟದ ಡಬ್ಬಿ ದೂಡಿದಳು.

ಹೀಗೇ ಬೈಯುತ್ತಿದ್ದಾಗ ಒಂದು ದಿನ ಅವಳಿಗೇ ಹೊಳೆಯಿತು. ಈಗ ಅವಳ ಮಾತನ್ನು ಯಾರೂ ಪೂರ್ತಿ ಕೇಳುತ್ತಿರಲಿಲ್ಲ. ಗಂಡ ಅರ್ಧಕ್ಕೇ "ಗೊತ್ತಾಯ್ತು ಬಿಡು" ಅನ್ನುತ್ತಿದ್ದ. ಕೊನೆಯತನಕ ಕೇಳುತ್ತಿದ್ದವನು ಈ ದೇವರೊಬ್ಬನೇ. ಬೈಗುಳವನ್ನೂ ಕೇಳಿಸಿಕೊಂಡು ಕೂತಿದ್ದಾನೆ. ಅವಳು ದೂಡಿದ್ದ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, "ಸ್ವರ ಕೊಡದಿದ್ರೆ ಬೇಡ, ಸ್ವಾಮಿ. ನಾನು ಇನ್ನು ಕೇಳಲ್ಲ. ನೀನು ಮಾತ್ರ ಎದ್ದು ಹೋಗ್ಬೇಡ," ಎಂದಳು. ಎಷ್ಟೋ ದಿನದಿಂದ ಬಿಗಿದುಕೊಂಡಿದ್ದ ಹೆಗಲು ಸಡಿಲವಾಯಿತು. ಡಬ್ಬಿ ತೆರೆದು, ತಣ್ಣಗಾದ ಅನ್ನವನ್ನು ಒಂದಗುಳೂ ಬಿಡದೆ ಉಂಡಳು.

ಆ ಭಾನುವಾರ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಹೊರಗೆ ಬಂದಾಗ ಗಂಡ ಕೇಳಿದ, "ಈಗಲಾದ್ರೂ ತಪ್ಪು ಒಪ್ಕೊಂಡ್ಯಾ?"

"ಒಪ್ಕೊಳ್ಳೋಕೆ ಏನಿಲ್ಲ ರೀ. ಅವನಿಗೂ ನನಗೂ ಸರಿಹೋಗಿದೆ."

"ಏನಂದೆ?"

ಅವಳು ಇನ್ನೊಮ್ಮೆ ಹೇಳಲಿಲ್ಲ. ಅಂದಿನಿಂದ ಗಂಡ ಮಾತು ಬಿಟ್ಟ. ಹೆಂಡತಿಗೆ ಸೊಕ್ಕು ಬಂದಿದೆ ಎಂದು ಸಭೆಯವರ ಹತ್ತಿರವೂ ಹೇಳಿಕೊಂಡ, ಅವರೂ ನಂಬಿದರು. ರಾತ್ರಿ ಅವಳಿಗೆ ಚೆನ್ನಾಗಿ ನಿದ್ದೆ ಬರುವುದನ್ನು ಕಂಡು ಅವನಿಗೆ ಇನ್ನಷ್ಟು ಉರಿ.

ಹಾಡು ಶುರುವಾದರೆ ಅವಳ ಬಾಯಿ ಈಗಲೂ ತಾನಾಗಿಯೇ ತೆರೆದುಕೊಳ್ಳುತ್ತದೆ. ನಾದಿನಿ ಶ್ರುತಿ ತಪ್ಪಿದಾಗ ಹಲ್ಲು ಕಚ್ಚಿ ತಲೆ ತಗ್ಗಿಸುತ್ತಾಳೆ. ಆರಾಧನೆ ಮುಗಿದ ಮೇಲೆ ಗಂಡ ತಂಗಿಯ ಜೊತೆ ಮಾತಾಡಿಕೊಂಡು ಮುಂದೆ ಹೋಗುತ್ತಾನೆ. ಇವಳು ಒಬ್ಬಳೇ ನಡೆದುಕೊಂಡು ಮನೆಗೆ ಬರುತ್ತಾಳೆ.